ಅಜಾಥಿಯೋಪ್ರಿನ್ ಶುರು ಮಾಡಿದ್ಮೇಲೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ), ಮತ್ತೆ ಕೊಡಬಹುದಾ?

ಪ್ರಶ್ನೆ: ತಮ್ಮನಿಗೆ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಇದೆ. ಸ್ಟೀರಾಯ್ಡ್ ಬಿಡಿಸೋಕೆ ಅಂತ ಅಜಾಥಿಯೋಪ್ರಿನ್ (ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ) ಕೊಟ್ರು, ಇನ್ನೂ ತಿಂಗಳೂ ತುಂಬಿರ್ಲಿಲ್ಲ, ಹೊಟ್ಟೆ ಮೇಲ್ಭಾಗದಲ್ಲಿ ಶುರುವಾದ ನೋವು ಸೀದಾ ಬೆನ್ನಿಗೆ ಹೊಡೀತಿತ್ತು, ಮಲಗಿದ್ರೆ ಜಾಸ್ತಿ, ಮುಂದಕ್ಕೆ ಬಗ್ಗಿ ಕೂತ್ರೆ ಸ್ವಲ್ಪ ವಾಸಿ, ಜೊತೆಗೆ ವಾಂತಿ ಬೇರೆ. ರಕ್ತದಲ್ಲಿ ಲೈಪೇಸ್ (ಮೇದೋಜೀರಕ ಗ್ರಂಥಿಯ ಕಿಣ್ವ) ಸಿಕ್ಕಾಪಟ್ಟೆ ಏರಿತ್ತು. ಮಾತ್ರೆ ನಿಲ್ಸಿದ್ಮೇಲೆ ಈಗ ಆರಾಮಾಗಿದಾನೆ. ಡೋಸ್ ಕಮ್ಮಿ ಮಾಡಿ ಮತ್ತೆ ಟ್ರೈ ಮಾಡಬಹುದಾ?

ಉತ್ತರ 1: ಬೇಡ ಮಾರಾಯ್ರೆ. ಈ ರಿಯಾಕ್ಷನ್ ಹೆಚ್ಚಾಗಿ ಮೊದಲ 3–4 ವಾರದಲ್ಲೇ ಬರೋದು, ಡೋಸ್ ಇಳಿಸಿದ್ರೆ ತಪ್ಪತ್ತೆ ಅನ್ನೋ ಹಾಗಿಲ್ಲ, ಮತ್ತೆ ಕೊಟ್ರೆ ಮತ್ತೆ ಬರೋ ಸಾಧ್ಯತೆನೇ ಜಾಸ್ತಿ. 6-ಮರ್ಕ್ಯಾಪ್ಟೋಪ್ಯೂರಿನ್ ಕೂಡ ಅದೇ ಜಾತಿದು, ಅಜಾಥಿಯೋಪ್ರಿನ್ ಮೈಯೊಳಗೆ ಹೋಗಿ ಅದೇ ಆಗೋದು. ಟಿಪಿಎಂಟಿ ಟೆಸ್ಟ್ (ಈ ಔಷಧಿಯನ್ನ ಮೈಯೊಳಗೆ ಒಡೆಯೋ ಕಿಣ್ವದ ಪರೀಕ್ಷೆ) ನಾರ್ಮಲ್ ಇತ್ತಲ್ಲ ಅಂತೀರೇನೋ, ಅದು ಬಿಳಿ ರಕ್ತಕಣ ಕುಸಿಯೋ ಅಪಾಯಕ್ಕೆ, ಇದಕ್ಕಲ್ಲ. ಬದಲಿಗೆ ಮೆಥೋಟ್ರೆಕ್ಸೇಟ್ ಅಥವಾ ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸೋ ಪ್ರೋಟೀನ್ ಔಷಧಿ) ಬಗ್ಗೆ ಡಾಕ್ಟರ್ ಹತ್ರ ಕೇಳಿ.

ಉತ್ತರ 2: ಅದು ಸರಿ, ಆದ್ರೆ ಗಾಲ್ ಬ್ಲಾಡರ್ ಸ್ಕ್ಯಾನ್ ಆಗಿದ್ಯಾ? ಸಣ್ಣ ಕರುಳಿನ ಕೊನೆ ಭಾಗ ಕೆಟ್ಟಿದ್ರೆ ಅಥವಾ ಕತ್ತರಿಸಿ ತೆಗ್ದಿದ್ರೆ ಪಿತ್ತದ ಲವಣ ವಾಪಸ್ ಹೀರಲ್ಲ, ಕಲ್ಲು ಆಗೋ ಚಾನ್ಸ್ ಜಾಸ್ತಿ, ಆ ಕಲ್ಲಿಂದಲೂ ಇದೇ ನೋವು ಬರತ್ತೆ. ಎಲ್ಲಾನೂ ಮಾತ್ರೆ ತಲೆಗೆ ಕಟ್ಟೋಕಾಗಲ್ಲ. ಅಪರೂಪಕ್ಕೆ ಕರುಳಿನ ಉರಿಯೂತಕ್ಕೆ ಕೊಡೋ ಮೆಸಲಮೈನ್‌ನಿಂದಲೂ ಆಗತ್ತೆ. ಸಿಗರೇಟ್ ಸೇದ್ತಾನಾ? ಹಾಗಿದ್ರೆ ಮೊದ್ಲು ಅದು ಬಿಡ್ಸಿ, ಕ್ರೋನ್ಸ್‌ಗೂ ಕೆಟ್ಟದು.

ಉತ್ತರ 3: ಒಂದು ಸಣ್ಣ ಮಾತು, ಕೊಲೈಟಿಸ್ ಇರೋ ನನಗೆ ನೋವೇ ಇಲ್ದೆ ಲೈಪೇಸ್ ಸ್ವಲ್ಪ ಜಾಸ್ತಿ ಬಂದಿತ್ತು, ಅದು ಪ್ಯಾಂಕ್ರಿಯಾಟೈಟಿಸ್ ಅಲ್ಲ ಅಂದ್ರು. ನೋವು, ನಾರ್ಮಲ್ ಮಿತಿಯ 3 ಪಟ್ಟಿಗಿಂತ ಜಾಸ್ತಿ ಲೈಪೇಸ್, ಸ್ಕ್ಯಾನ್, ಇವುಗಳಲ್ಲಿ 2 ಹೊಂದಬೇಕಂತೆ. ನಿಮ್ಮ ತಮ್ಮನ ಕೇಸ್‌ನಲ್ಲಂತೂ ಡೌಟೇ ಇಲ್ಲ ಅನ್ಸತ್ತೆ, ಫೈಲ್ ಮೇಲೆ ಈ ಮಾತ್ರೆ ಆಗಲ್ಲ ಅಂತ ದೊಡ್ಡದಾಗಿ ಬರೆಸಿಡಿ.