ತೆರೆದ ಕ್ರೀಡಾಂಗಣದಲ್ಲಿ ಪಂದ್ಯ ನೋಡುವುದು ಸೋಂಕಿನ ಕಾಲದಲ್ಲಿ ಎಷ್ಟು ಸುರಕ್ಷಿತ?

ಕೊನೆಯ ಓವರ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೋವಿಡ್ ಪ್ರಕರಣಗಳು ಮತ್ತೆ ಏರುತ್ತಿರುವ ಈ ಹೊತ್ತಿನಲ್ಲಿ ಒಂದು ವಿಷಯದ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ. ಮುಂದಿನ ವಾರಾಂತ್ಯದ ಪಂದ್ಯಕ್ಕೆ ನಾನೂ ನನ್ನ ತಮ್ಮನೂ ಬಹಳ ಹಿಂದೆಯೇ ಟಿಕೆಟ್ ಕಾಯ್ದಿರಿಸಿದ್ದೇವೆ. ಸುಮಾರು 30,000 ಜನ ಕೂರುವ ಕ್ರೀಡಾಂಗಣ ಅದು. ನಮ್ಮ ಸೀಟುಗಳಿರುವ ಕಡೆ ಮೇಲೆ ಚಾವಣಿಯಿಲ್ಲ. ಬಯಲಿನಲ್ಲಿ ಸೋಂಕು ತಗಲುವ ಪ್ರಮೇಯವೇ ಇಲ್ಲ, ಜೊತೆಗೆ ಇಬ್ಬರೂ ಲಸಿಕೆ ಹಾಕಿಸಿಕೊಂಡಾಗಿದೆ, ಇನ್ನೇನು ಚಿಂತೆ ಎಂಬುದು ತಮ್ಮನ ವಾದ.

ನನ್ನನ್ನು ತಡೆಯುತ್ತಿರುವುದು ಒಂದೇ ಸಂಗತಿ. ನಮ್ಮ ತಾಯಿಗೆ ಕಿಮೋಥೆರಪಿ ನಡೆಯುತ್ತಿದೆ, ನಾವು ಮೂವರೂ ಒಂದೇ ಮನೆಯಲ್ಲಿದ್ದೇವೆ. ನಮಗೆ ಬಂದರೆ ನಾಲ್ಕು ದಿನ ಮಲಗಿ ಎದ್ದೇವು, ಆದರೆ ಅವರಿಗೆ ಬಂದರೆ ಏನಾಗುತ್ತದೆ ಎಂದು ಯೋಚಿಸುವುದಕ್ಕೂ ಭಯವಾಗುತ್ತದೆ. ತೆರೆದ ಕ್ರೀಡಾಂಗಣದಲ್ಲಿ ಅಪಾಯ ನಿಜಕ್ಕೂ ಎಷ್ಟಿರುತ್ತದೆ? ಹೋಗುವುದಾದರೆ ಯಾವ ಎಚ್ಚರಿಕೆಗಳು ನಿಜವಾಗಿ ಕೆಲಸಕ್ಕೆ ಬರುತ್ತವೆ? ದಯವಿಟ್ಟು ತಿಳಿಸಿ.

ತಂಗಾಳಿ:

ನಾನು ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ತಮ್ಮ ಹೇಳುವುದರಲ್ಲಿ ಅರ್ಧ ಸತ್ಯವಿದೆ. ಸೋಂಕಿತರು ಉಸಿರು ಬಿಟ್ಟಾಗ, ಮಾತಾಡಿದಾಗ ಹೊರಬರುವ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತ ಉಳಿಯಬಲ್ಲವು. ಬಯಲಿನಲ್ಲಿ ಅವು ಬೇಗ ಚದುರಿ ತೆಳುವಾಗುತ್ತವೆ, ಬಿಸಿಲಿನಲ್ಲಿ ವೈರಾಣು ಬೇಗ ನಿಷ್ಕ್ರಿಯವೂ ಆಗುತ್ತದೆ. ಕೋವಿಡ್ ಹರಡಿದ ಬಗೆಯನ್ನು ಪರಿಶೀಲಿಸಿದ ಅಧ್ಯಯನಗಳಲ್ಲಿ ಹೊರಾಂಗಣದಲ್ಲಿ ತಗಲಿದ ಪ್ರಕರಣಗಳ ಪಾಲು ಶೇಕಡಾ 10ಕ್ಕಿಂತ ಕಡಿಮೆಯಿರುವುದು ಕಂಡುಬಂದಿದೆ. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಗಾಳಿ ಚದುರಿಸುವುದಕ್ಕೂ ಒಂದಿಷ್ಟು ಅಂತರ ಬೇಕು. ಮುಂದಿನ ಸಾಲಿನವರು ಸೇದಿದ ಸಿಗರೇಟಿನ ಹೊಗೆ ಬಯಲಿನಲ್ಲೂ ನಿಮ್ಮ ಮೂಗಿಗೆ ಬಡಿಯುತ್ತದೆಯಲ್ಲ, ಅದೇ ದಾರಿಯಲ್ಲಿ ಅವರ ಉಸಿರೂ ನಿಮ್ಮನ್ನು ತಲುಪುತ್ತದೆ. ಭುಜಕ್ಕೆ ಭುಜ ತಾಗಿಸಿ ಮೂರು ನಾಲ್ಕು ಗಂಟೆ ಕೂರುವಾಗ ಬಯಲಿನ ಲಾಭ ಬಹುಪಾಲು ಸೋರಿಹೋಗುತ್ತದೆ. ಸಾಲದ್ದಕ್ಕೆ, ಪಂದ್ಯ ನೋಡುವವರು ಸುಮ್ಮನೆ ಕೂರುವುದಿಲ್ಲ. ಧ್ವನಿ ಏರಿದಷ್ಟೂ ಬಾಯಿಂದ ಹೊರಬೀಳುವ ಕಣಗಳ ಸಂಖ್ಯೆ ಏರುತ್ತದೆ. ಶಾಂತವಾಗಿ ಉಸಿರಾಡುವವರಿಗಿಂತ ಕೂಗಿ ಹಾಡುವವರು ಹಲವು ಪಟ್ಟು ಹೆಚ್ಚು ಕಣಗಳನ್ನು ಗಾಳಿಗೆ ಸೇರಿಸುತ್ತಾರೆ.

ಇನ್ನು ಲೆಕ್ಕ. ನಿಮ್ಮ ಊರಿನಲ್ಲಿ ಈಗ ಸಾವಿರಕ್ಕೊಬ್ಬರು ಸೋಂಕು ಹರಡುವ ಸ್ಥಿತಿಯಲ್ಲಿದ್ದಾರೆ ಎಂದಿಟ್ಟುಕೊಳ್ಳೋಣ. ಆಗ 30,000 ಜನರಲ್ಲಿ ಅಂಥವರು ಸುಮಾರು 30 ಮಂದಿ. ನಿಮ್ಮ ಸುತ್ತ ಹತ್ತಿರದಲ್ಲಿ ಕೂತ 20 ಜನರಲ್ಲಿ ಒಬ್ಬರಾದರೂ ಸೋಂಕಿತರಿರುವ ಸಂಭವ ಶೇಕಡಾ 2ರಷ್ಟು. ಅದೇ ನೂರಕ್ಕೊಬ್ಬರಾದರೆ ಈ ಸಂಭವ ಶೇಕಡಾ 18ಕ್ಕೆ ಏರುತ್ತದೆ. ಕ್ರೀಡಾಂಗಣವೂ ಸೀಟೂ ಅವೇ. ಅಪಾಯ ಮಾತ್ರ ಒಂಬತ್ತು ಪಟ್ಟು. ಆದ್ದರಿಂದ ಬಯಲು ಸುರಕ್ಷಿತವೇ ಎಂದು ಕೇಳುವ ಮೊದಲು, ಈ ವಾರ ಊರಿನಲ್ಲಿ ಸೋಂಕು ಎಷ್ಟಿದೆ ಎಂದು ಕೇಳಬೇಕು. ಪರೀಕ್ಷೆ ಮಾಡಿಸಿಕೊಳ್ಳುವವರು ಕಡಿಮೆಯಾಗಿರುವಾಗ ವರದಿಯಾಗುವ ಸಂಖ್ಯೆ ನಿಜಸ್ಥಿತಿಗಿಂತ ಬಹಳ ಕೆಳಗಿರುತ್ತದೆ ಎಂಬುದನ್ನೂ ಮರೆಯಬಾರದು.

ಕೊನೆಯದಾಗಿ, ಪಂದ್ಯವೆಂದರೆ ಸೀಟಿನಲ್ಲಿ ಕೂರುವುದಷ್ಟೇ ಅಲ್ಲ. 2021ರಲ್ಲಿ ನಡೆದ ಯೂರೋ ಫುಟ್‌ಬಾಲ್ ಟೂರ್ನಿಯ ವೇಳೆ ಸ್ಕಾಟ್ಲೆಂಡಿನ ಆರೋಗ್ಯ ಇಲಾಖೆ ಪ್ರಕಟಿಸಿದ ವರದಿಯೊಂದರಲ್ಲಿ, ಸೋಂಕು ದೃಢಪಟ್ಟವರ ಪೈಕಿ 1,991 ಮಂದಿ ಟೂರ್ನಿಗೆ ಸಂಬಂಧಿಸಿದ ಕೂಟಗಳಲ್ಲಿ ಭಾಗವಹಿಸಿದ್ದರೆಂದು ತಿಳಿದುಬಂತು. ಅವರಲ್ಲಿ 1,294 ಜನ ಜೂನ್ 18ರ ಇಂಗ್ಲೆಂಡ್ ಎದುರಿನ ಪಂದ್ಯಕ್ಕಾಗಿ ಲಂಡನ್ನಿಗೆ ಹೋಗಿದ್ದವರು. ವೆಂಬ್ಲಿ ಕ್ರೀಡಾಂಗಣದ ಒಳಗಿದ್ದವರು 397 ಜನ ಮಾತ್ರ. ಉಳಿದವರು ರೈಲು, ಬಸ್ಸು, ಪಬ್, ಬೀದಿ ಇಷ್ಟನ್ನೇ ಕಂಡವರು.

ಎಡಗೈ ಸ್ಪಿನ್ನರ್:

ತಂಗಾಳಿಯವರು ಹೇಳಿದ ಕೊನೆಯ ಮಾತಿಗೆ ನಾನು ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ. ಕ್ರೀಡಾಂಗಣದ ಪ್ರವೇಶದ್ವಾರದಲ್ಲಿ ಸ್ವಯಂಸೇವಕನಾಗಿ ಹಲವು ಋತುಗಳಿಂದ ಕೆಲಸ ಮಾಡುತ್ತಿದ್ದೇನೆ. ಪಂದ್ಯ ಶುರುವಾಗುವುದಕ್ಕೆ ಎರಡು ಗಂಟೆ ಮೊದಲು ಗೇಟು ತೆರೆದರೂ ಅರ್ಧಕ್ಕರ್ಧ ಜನ ಬರುವುದು ಕೊನೆಯ ನಲವತ್ತು ನಿಮಿಷಗಳಲ್ಲಿ. ಅಗಲವಾದ ರಸ್ತೆಯಿಂದ ಬಂದ ಜನಸಾಗರ ಲೋಹಶೋಧಕದ ಚೌಕಟ್ಟಿನ ಮುಂದೆ ಒಬ್ಬೊಬ್ಬರಾಗಿ ಹಾಯಬೇಕು. ಅಲ್ಲಿ ಹಿಂದಿನವರ ಉಸಿರು ಮುಂದಿನವರ ಕತ್ತಿಗೆ ತಾಗುತ್ತಿರುತ್ತದೆ. ಮಾಸ್ಕ್ ಹಾಕಿಕೊಂಡು ಬಂದವರೂ ಗದ್ದಲದಲ್ಲಿ ನಮ್ಮ ಪ್ರಶ್ನೆಗೆ ಉತ್ತರಿಸುವಾಗ ಅದನ್ನು ಗದ್ದಕ್ಕೆ ಇಳಿಸಿಯೇ ಮಾತಾಡುತ್ತಾರೆ. ಮತ್ತೆ ಮೇಲೇರಿಸುವವರು ಕಡಿಮೆ.

ಒಳಗೆ ಹೋದಮೇಲೆ ನಿಜವಾದ ಬಯಲು ಸಿಗುವುದು ಮೆಟ್ಟಿಲು ಹತ್ತಿ ಸೀಟು ತಲುಪಿದಾಗಲೇ. ಪ್ರೇಕ್ಷಕರ ಸ್ಟ್ಯಾಂಡಿನ ಅಡಿಯಲ್ಲಿರುವ ಓಡಾಟದ ಜಾಗ, ತಿಂಡಿ ಅಂಗಡಿಗಳು, ಶೌಚಾಲಯಗಳು ಎಲ್ಲವೂ ಕಾಂಕ್ರೀಟಿನ ಕೆಳಗೆ ಇರುತ್ತವೆ, ಗಾಳಿಯಾಟ ಅಷ್ಟಕ್ಕಷ್ಟೇ. ವಿರಾಮ ಘೋಷಣೆಯಾದ ಎರಡು ನಿಮಿಷಕ್ಕೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಳೆ ಬಂದರಂತೂ ಮೇಲೆ ಕೂತವರೆಲ್ಲ ಅಲ್ಲಿಗೇ ಓಡಿಬರುತ್ತಾರೆ, ಮಳೆ ನಿಲ್ಲುವವರೆಗೂ ಒತ್ತೊತ್ತಾಗಿ ನಿಂತಿರುತ್ತಾರೆ. ಚಾವಣಿಯಿಲ್ಲದ ಸೀಟು ಕೊಂಡವರಿಗೆ ಈ ಸಾಧ್ಯತೆ ಹೆಚ್ಚು ಎಂಬುದನ್ನು ಗಮನಿಸಿ.

ಹೋಗುವುದೇ ಆದರೆ ನನ್ನ ಸಲಹೆ ಇಷ್ಟು: ಗೇಟು ತೆರೆದ ಕೂಡಲೇ ಒಳಗೆ ಹೋಗಿ, ಶೌಚಾಲಯಕ್ಕೆ ಹೋಗುವುದಿದ್ದರೆ ಆಟ ನಡೆಯುತ್ತಿರುವಾಗಲೇ ಹೋಗಿಬನ್ನಿ, ತಿನ್ನುವುದನ್ನು ಮನೆಯಲ್ಲೇ ಮುಗಿಸಿ. ಪಂದ್ಯ ಮುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತಿದ್ದರೆ ನಿರ್ಗಮನದ ನೂಕುನುಗ್ಗಲು ಬಹುಪಾಲು ಕರಗಿರುತ್ತದೆ.

ಹಳೆಯ ಅಭಿಮಾನಿ:

ಪ್ರಶ್ನೆ ಕೇಳಿದವರ ಮನೆಯ ಪರಿಸ್ಥಿತಿ ಬೇರೆ, ಅದನ್ನು ಗೌರವಿಸುತ್ತೇನೆ. ಆದರೆ ಸಾಮಾನ್ಯವಾಗಿ ಕ್ರೀಡಾಂಗಣಗಳ ಮೇಲೆ ಹೊರಿಸುವ ಆರೋಪ ಸಾಕ್ಷ್ಯಕ್ಕಿಂತ ದೊಡ್ಡದಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲರೂ ಉದಾಹರಿಸುವ ಮಿಲಾನಿನ ಪಂದ್ಯವನ್ನೇ ತೆಗೆದುಕೊಳ್ಳಿ. 2020ರ ಫೆಬ್ರವರಿ 19ರಂದು ಸಾನ್ ಸಿರೋ ಕ್ರೀಡಾಂಗಣದಲ್ಲಿ ಅಟಲಾಂಟಾ ಮತ್ತು ವಲೆನ್ಸಿಯಾ ತಂಡಗಳು ಆಡಿದವು, ಬೆರ್ಗಾಮೋ ಊರಿನ ಹತ್ತಾರು ಸಾವಿರ ಜನ ಅಲ್ಲಿಗೆ ಹೋದರು, ಮುಂದಿನ ವಾರಗಳಲ್ಲಿ ಬೆರ್ಗಾಮೋದಲ್ಲಿ ಸಾವಿನ ಸರಣಿಯೇ ನಡೆಯಿತು. ಆದರೆ ಇಟಲಿಯಲ್ಲಿ ಸ್ಥಳೀಯವಾಗಿ ಹರಡಿದ ಮೊದಲ ಪ್ರಕರಣ ಕೊಡೋನ್ಯೋ ಪಟ್ಟಣದಲ್ಲಿ ಪತ್ತೆಯಾದದ್ದು ಪಂದ್ಯದ ಮರುದಿನ ರಾತ್ರಿ. ಎಂದರೆ ವೈರಾಣು ಆ ಪ್ರಾಂತ್ಯದಲ್ಲಿ ಆಗಲೇ ಓಡಾಡುತ್ತಿತ್ತು. ಪಂದ್ಯ ಇಲ್ಲದಿದ್ದರೆ ಅನಾಹುತ ಆಗುತ್ತಿರಲಿಲ್ಲ ಎಂದು ಹೇಳುವುದು ಹೇಗೆ?

ಅದೇ ವರ್ಷ ಮಾರ್ಚ್ 8ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಮಹಿಳೆಯರ ಟಿ20 ವಿಶ್ವಕಪ್ ಫೈನಲ್ ನೋಡಲು 86,174 ಜನ ಸೇರಿದ್ದರು. ಅವರಲ್ಲೊಬ್ಬರಿಗೆ ಸೋಂಕು ಇತ್ತೆಂದು ಆಮೇಲೆ ತಿಳಿದಾಗ, ಅಕ್ಕಪಕ್ಕದಲ್ಲಿ ಕೂತವರಿಗೆ ಅಪಾಯ ಕಡಿಮೆಯೆಂದೇ ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಮುಚ್ಚಿದ ಬಾಗಿಲಿನ ಪಂದ್ಯಗಳನ್ನೂ ನಾವು ಕಂಡಿದ್ದೇವೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಬಹುಪಾಲು ಖಾಲಿ ಆಸನಗಳ ಮುಂದೆಯೇ ನಡೆಯಿತು. ಒಂಟಿಯಾಗಿ ಬದುಕುವ ನನ್ನಂಥವರಿಗೆ ವಾರಕ್ಕೊಮ್ಮೆ ಹತ್ತು ಪರಿಚಿತ ಮುಖಗಳನ್ನು ಕಾಣುವ ಜಾಗ ಕ್ರೀಡಾಂಗಣವೊಂದೇ. ಅದು ಇಲ್ಲವಾದಾಗ ಆಗುವ ನಷ್ಟವನ್ನೂ ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾತು. 397 ಎಂಬ ಸಂಖ್ಯೆಯನ್ನು ನೋಡಿ ವೆಂಬ್ಲಿಯ ಒಳಗೆ ಅಪಾಯ ಕಡಿಮೆಯಿತ್ತು ಎಂದು ಯಾರೂ ತಿಳಿಯಬಾರದು. ಅಂದು ಲಂಡನ್ನಿಗೆ ಹೋದ ಸ್ಕಾಟ್ಲೆಂಡ್ ಅಭಿಮಾನಿಗಳಲ್ಲಿ ಟಿಕೆಟ್ ಇದ್ದವರಿಗಿಂತ ಇಲ್ಲದವರೇ ಬಹಳ ಹೆಚ್ಚು. ನನ್ನ ವಾದಕ್ಕೆ ಇದು ಪೂರಕವಲ್ಲವಾದರೂ ಲೆಕ್ಕ ಸರಿಯಾಗಿರಬೇಕು.

ತಂಗಾಳಿ:

ಹಳೆಯ ಅಭಿಮಾನಿಯವರೇ, 397ರ ಬಗ್ಗೆ ನೀವು ಹೇಳಿದ್ದು ಸರಿ. ಆ 1,991 ಜನರಲ್ಲಿ ಸೋಂಕನ್ನು ಜೊತೆಯಲ್ಲೇ ಒಯ್ದವರೂ ಇದ್ದಾರೆ, ಅಲ್ಲಿ ಅಂಟಿಸಿಕೊಂಡವರೂ ಇದ್ದಾರೆ. ಅವರನ್ನು ಬೇರ್ಪಡಿಸುವುದು ಸುಲಭವಲ್ಲ. ಸೀಟನ್ನು ಮಾತ್ರ ಲೆಕ್ಕ ಹಾಕಿದರೆ ಅಪಾಯದ ದೊಡ್ಡ ಪಾಲು ಹೊರಗುಳಿಯುತ್ತದೆ ಎಂಬಷ್ಟಕ್ಕೆ ಆ ವರದಿಯನ್ನು ಎತ್ತಿದ್ದೆ.

ಬೆರ್ಗಾಮೋದ ಅನಾಹುತಕ್ಕೆ ಪಂದ್ಯವೇ ಕಾರಣವೆಂದು ಸಾಬೀತಾಗಿಲ್ಲ, ಒಪ್ಪುತ್ತೇನೆ. ಆದರೆ ವೈರಾಣು ಆಗಲೇ ಅಲ್ಲಿತ್ತು ಎಂಬುದು ನನಗೆ ಸಮಾಧಾನ ಕೊಡುವುದಿಲ್ಲ, ಬದಲಿಗೆ ಆತಂಕ ಹೆಚ್ಚಿಸುತ್ತದೆ. ಯಾರ ಕಣ್ಣಿಗೂ ಬೀಳದೆ ಸೋಂಕು ಹಬ್ಬುತ್ತಿರುವಾಗಲೇ ದೊಡ್ಡ ಜಂಗುಳಿ ಅತ್ಯಂತ ಹಾನಿ ಮಾಡಬಲ್ಲದು. 1918ರ ಸೆಪ್ಟೆಂಬರ್ 28ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯುದ್ಧನಿಧಿಗಾಗಿ ನಡೆದ ಮೆರವಣಿಗೆಗೆ ಸುಮಾರು 2,00,000 ಜನ ಬೀದಿಯಲ್ಲಿ ಸೇರಿದ್ದರು. ಊರಿನಲ್ಲಿ ಇನ್‌ಫ್ಲುಯೆಂಜಾ ಆಗಲೇ ಕಾಣಿಸಿಕೊಂಡಿತ್ತು, ಮೆರವಣಿಗೆ ಪೂರ್ತಿ ಬಯಲಿನಲ್ಲೇ ನಡೆಯಿತು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿದವು; ಮುಂದಿನ ಕೆಲವು ವಾರಗಳಲ್ಲಿ ಆ ನಗರದಲ್ಲಿ ಸತ್ತವರು 12,000ಕ್ಕೂ ಹೆಚ್ಚು. ಮೆಲ್ಬರ್ನಿನ ಉದಾಹರಣೆ ಇದಕ್ಕೆ ವಿರುದ್ಧವಲ್ಲ. ಆಗ ಅಲ್ಲಿ ಸೋಂಕಿತರು ತೀರ ವಿರಳವಾಗಿದ್ದರು, ನಾನು ಮೊದಲು ಕೊಟ್ಟ ಲೆಕ್ಕದಲ್ಲಿ ಅದು ಸಾವಿರಕ್ಕೊಬ್ಬರಿಗಿಂತಲೂ ಬಹಳ ಕೆಳಗಿನ ಸ್ಥಿತಿ.

ಒಂಟಿತನದ ಬಗ್ಗೆ ನೀವು ಬರೆದದ್ದನ್ನು ತಳ್ಳಿಹಾಕಲಾರೆ. ಸೋಂಕು ಇಳಿದ ವಾರಗಳಲ್ಲಿ ನೀವು ನಿಶ್ಚಿಂತೆಯಿಂದ ಹೋಗಬೇಕು ಎಂದೇ ನನ್ನ ಆಸೆ. ಏರುತ್ತಿರುವ ವಾರಗಳಲ್ಲಿ ಮಾತ್ರ ತಡೆದುಕೊಳ್ಳಿ.

ಕಿಟಕಿ ಪಕ್ಕ:

ನಾನು ಕ್ಯಾನ್ಸರಿನಿಂದ ಬಳಲುತ್ತಿದ್ದ ಪತಿಯನ್ನು ಸೋಂಕಿನ ಕಾಲದಲ್ಲೇ ನೋಡಿಕೊಂಡವಳು. ಕೊನೆಯ ಓವರ್ ಅವರೇ, ನೀವು ಅಮ್ಮನನ್ನು ಕೇಳಿದ್ದೀರಾ? ಇಷ್ಟು ಉತ್ತರಗಳಲ್ಲಿ ಅವರ ಮಾತು ಎಲ್ಲೂ ಬಂದಿಲ್ಲ. ಮಕ್ಕಳು ತನಗಾಗಿ ಎಲ್ಲವನ್ನೂ ಬಿಟ್ಟು ಕೂತರೆಂಬ ಕೊರಗು ರೋಗಿಗೆ ಇರುತ್ತದೆ, ಹಾಗೆಯೇ ತನ್ನನ್ನು ಕೇಳದೆ ಅಪಾಯವನ್ನು ಮನೆಗೆ ತಂದರೆಂಬ ಭಯವೂ ಇರುತ್ತದೆ. ಕಿಮೋಥೆರಪಿಯ ಎಷ್ಟನೆಯ ದಿನ ಪಂದ್ಯ ಬರುತ್ತದೆ ಎಂದು ಲೆಕ್ಕ ಹಾಕಿ ವೈದ್ಯರನ್ನೂ ಕೇಳಿ. ಹಲವು ಔಷಧಿಗಳಲ್ಲಿ ಚಿಕಿತ್ಸೆಯ 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣಗಳ ಸಂಖ್ಯೆ ಅತಿ ಕೆಳಕ್ಕೆ ಇಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಮನೆಗೆ ಹತ್ತಿರದ ಬಂಧುಗಳನ್ನೂ ಬರಗೊಡುತ್ತಿರಲಿಲ್ಲ.

ಕೊನೆಯ ಓವರ್:

ಎಲ್ಲರಿಗೂ ಕೃತಜ್ಞತೆಗಳು. ಅಮ್ಮನನ್ನು ಕೇಳಿದೆ. ತಮ್ಮ ಹೋಗಲಿ, ನೀನು ನನ್ನ ಜೊತೆಗಿರು ಎಂದರು. ಆಯ್ಕೆ ಅವರದೇ ಎಂಬುದು ನನಗೂ ಹಗುರವೆನಿಸಿತು. ವೈದ್ಯರ ಪ್ರಕಾರ ಪಂದ್ಯದ ದಿನ ಚಿಕಿತ್ಸೆಯ ಒಂಬತ್ತನೆಯ ದಿನಕ್ಕೆ ಬೀಳುತ್ತದೆ. ತಮ್ಮ ಪಂದ್ಯ ಮುಗಿಸಿ ಗೆಳೆಯನ ಮನೆಯಲ್ಲಿ ಉಳಿಯಲು ಒಪ್ಪಿದ್ದಾನೆ. ಎಷ್ಟು ದಿನ ಉಳಿಯಬೇಕು? ಮರುದಿನವೇ ಪರೀಕ್ಷೆ ಮಾಡಿಸಿಕೊಂಡು ಬಂದರೆ ಸಾಲದೇ ಎಂದು ಕೇಳುತ್ತಿದ್ದಾನೆ.

ತಂಗಾಳಿ:

ಸಾಲದು. ಸೋಂಕು ತಗಲಿದ ಮರುದಿನ ದೇಹದಲ್ಲಿ ವೈರಾಣು ಪರೀಕ್ಷೆಗೆ ಸಿಗುವಷ್ಟು ಬೆಳೆದಿರುವುದಿಲ್ಲ. ಆ ದಿನದ ನೆಗೆಟಿವ್ ಫಲಿತಾಂಶ ಸುಳ್ಳು ಧೈರ್ಯ ಕೊಡುತ್ತದೆ. ಒಮಿಕ್ರಾನ್ ತಳಿಗಳಲ್ಲಿ ಲಕ್ಷಣಗಳು ಸಾಮಾನ್ಯವಾಗಿ ಸುಮಾರು ಮೂರು ದಿನಕ್ಕೆ ಕಾಣಿಸಿಕೊಳ್ಳುತ್ತವೆ, ಕೆಲವರಲ್ಲಿ ಇನ್ನೂ ತಡವಾಗುತ್ತದೆ, ಮತ್ತು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಅವರು ಸೋಂಕು ಹರಡಬಲ್ಲರು. ನಿಮ್ಮ ಮನೆಯ ಮಟ್ಟಿಗೆ ಒಂದು ವಾರ ಹೊರಗಿರುವುದು ಒಳ್ಳೆಯದು. ಮೂರನೆಯ ಮತ್ತು ಐದನೆಯ ದಿನ ಪರೀಕ್ಷೆ ಮಾಡಿಕೊಂಡು, ವಾರದ ಕೊನೆಗೆ ಮತ್ತೊಮ್ಮೆ ನೆಗೆಟಿವ್ ಬಂದು, ಯಾವ ಲಕ್ಷಣವೂ ಇಲ್ಲದಿದ್ದರೆ ಮನೆಗೆ ಬರಲಿ. ಪಂದ್ಯಕ್ಕೆ ಬಟ್ಟೆಯ ಮಾಸ್ಕ್ ಬೇಡ. ಮೂಗಿನ ಎರಡೂ ಪಕ್ಕ ಸಂದಿಯಿಲ್ಲದೆ ಕೂರುವ ಎನ್95 ಇರಲಿ, ರೈಲು ಬಸ್ಸುಗಳಲ್ಲೂ ಅದನ್ನು ತೆಗೆಯದಿರಲಿ.

ಅಮ್ಮನಿಗೆ ಅಕಸ್ಮಾತ್ ಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ. ಕಿಮೋಥೆರಪಿಯ ನಡುವೆ ಬರುವ ಜ್ವರ ಯಾವ ಕಾರಣಕ್ಕೆ ಬಂದರೂ ತುರ್ತುಸ್ಥಿತಿಯೇ. ಕೋವಿಡ್ ಎಂದು ಗೊತ್ತಾದರೆ ವೈರಾಣು ವಿರೋಧಿ ಗುಳಿಗೆಗಳನ್ನು ಲಕ್ಷಣ ಕಾಣಿಸಿದ ಐದು ದಿನಗಳೊಳಗೆ ಶುರುಮಾಡಬೇಕು. ಪ್ಯಾಕ್ಸ್‌ಲೋವಿಡ್‌ನಂಥ ಔಷಧಿ ಕೆಲವು ಕ್ಯಾನ್ಸರ್ ಔಷಧಿಗಳೊಡನೆ ಹೊಂದುವುದಿಲ್ಲವಾದ್ದರಿಂದ, ಅವರಿಗೆ ಯಾವುದನ್ನು ಕೊಡಬಹುದು ಎಂದು ಅವರ ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ.