ಇಎಸ್‌ಪಿ ಇದ್ದ ಮೇಲೂ ಹಾರುಬೂದಿ ಯಾಕೆ?

ಪ್ರಶ್ನೆ: ಶಕ್ತಿನಗರದ ಆರ್‌ಟಿಪಿಎಸ್‌ನಂಥ (ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ) ಕಲ್ಲಿದ್ದಲು ಕೇಂದ್ರಗಳ ಇಎಸ್‌ಪಿ, ಅಂದರೆ ಹೊಗೆಯಲ್ಲಿನ ಬೂದಿಯನ್ನು ವಿದ್ಯುತ್ ಬಲದಿಂದ ಸೆಳೆದು ಹಿಡಿಯುವ ಯಂತ್ರ, 99.9% ಬೂದಿ ಹಿಡಿಯುವಂತೆ ಕಟ್ಟಿದ್ದಾದರೆ, ಆರೋಗ್ಯಕ್ಕೆ ಇನ್ನೇನು ತೊಂದರೆ?

ಉತ್ತರ 1: ಲೆಕ್ಕ ಹಾಕಿ ನೋಡಿ. 210 ಮೆಗಾವ್ಯಾಟ್‌ನ ಒಂದು ಘಟಕಕ್ಕೆ, ಯೂನಿಟ್‌ಗೆ 0.7 ಕೆಜಿಯಂತೆ, ಗಂಟೆಗೆ 147 ಟನ್ ಕಲ್ಲಿದ್ದಲು ಬೇಕು. ಬೂದಿ 35% ಅಂದರೆ 51 ಟನ್. ಅದರಲ್ಲಿ ಸುಮಾರು 40 ಟನ್ ಹೊಗೆಯ ಜೊತೆ ಏರುತ್ತೆ. 99.9% ಹಿಡಿದರೂ 40 ಕೆಜಿ ಹೊರಗೆ; ಇಎಸ್‌ಪಿಯ ಒಂದು ಫೀಲ್ಡ್ (ಬೂದಿ ಸೆಳೆಯುವ ವಿಭಾಗ) ಕೆಟ್ಟು 99%ಗೆ ಇಳಿದರೆ 400 ಕೆಜಿ! ತಪ್ಪಿಸಿಕೊಳ್ಳೋದು ಹೆಚ್ಚಾಗಿ ಸಣ್ಣ ಕಣಗಳೇ, ಶ್ವಾಸಕೋಶದ ಆಳಕ್ಕೆ ಇಳಿಯುವಂಥವು.

ಉತ್ತರ 2: ಇಎಸ್‌ಪಿ ಅನಿಲ ಹಿಡಿಯಲ್ಲ ಸರ್. ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ಸಲ್ಫೇಟ್ ಕಣವಾಗಿ ನೂರಾರು ಕಿ.ಮೀ. ಸಾಗುತ್ತೆ. ಅದಕ್ಕೆ ಸುಣ್ಣಕಲ್ಲು ಬಳಸಿ ಹೊಗೆಯಿಂದ ಸಲ್ಫರ್ ತೆಗೆಯುವ ಎಫ್‌ಜಿಡಿ ಘಟಕ ಬೇರೆ ಬೇಕು. ಹಿಡಿದ ಬೂದಿ ತುಂಬುವ ಬೂದಿಹೊಂಡ ಇನ್ನೊಂದು ತಲೆನೋವು: ಮೇಲೆ ನೀರು ನಿಲ್ಲಿಸದಿದ್ದರೆ ಬೇಸಿಗೆಯಲ್ಲಿ ಧೂಳು, ತಳಕ್ಕೆ ಹಾಳೆ ಹಾಸದಿದ್ದರೆ ಆರ್ಸೆನಿಕ್‌ನಂಥವು ಅಂತರ್ಜಲಕ್ಕೆ.

ಉತ್ತರ 3: ಹಾಗಾದರೆ ಕಲ್ಲಿದ್ದಲು ಬಿಟ್ಟು ಸೌರಕ್ಕೆ ಹೋಗಬಹುದಲ್ಲ ಅಂತೀರಾ? ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್‌ಗೆ ಚಿಮಣಿಯಿಲ್ಲ, ನಿಜ. ಆದರೆ ಸುಮಾರು 13,000 ಎಕರೆ ಹಿಡಿದಿದೆ, ಸಂಜೆ 7ಕ್ಕೆ ಉತ್ಪಾದನೆ ಸೊನ್ನೆ. ಬ್ಯಾಟರಿಯೋ ಪಂಪ್ಡ್ ಸ್ಟೋರೇಜೋ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ವ್ಯವಸ್ಥೆ) ಸೇರಿಸದೆ ರಾತ್ರಿಯ ಕಲ್ಲಿದ್ದಲು ಘಟಕ ನಿಲ್ಲಿಸೋಕಾಗಲ್ಲ.