ದೊಡ್ಡಪ್ಪ ಹಾಕಿದ ಫಾರ್ವರ್ಡು

ದೊಡ್ಡಪ್ಪ, ಮೂಡಿಗೆರೆ: (ಫಾರ್ವರ್ಡ್) ತಮಗೆ ತಾವೇ ಗಾಯ ಮಾಡಿಕೊಳ್ಳುವ ಮಕ್ಕಳು ಆಸ್ಪತ್ರೆಯಿಂದ ಬಂದ ಮೇಲೆ ಮೊಬೈಲ್ ಕಿತ್ತುಕೊಳ್ಳಿ. ದಿನಾ ಮೈಕೈ ಪರೀಕ್ಷಿಸಿ. ಸ್ನೇಹಿತರನ್ನು ದೂರ ಇಡಿ. ಎಲ್ಲ ಪೋಷಕರಿಗೂ ತಲುಪಿಸಿ 🙏

ಅತ್ತೆ, ಕಡೂರು: ಸರಿಯಾಗಿದೆ. ನಾಲ್ಕು ಜನ ನೋಡಲಿ ಅಂತ ಮಾಡಿಕೊಳ್ಳುವುದು ಇದೆಲ್ಲ.

ಅಕ್ಕ, ಚಿಕ್ಕಮಗಳೂರು: ನೋಡಲಿ ಅಂತಾದರೆ ಏಪ್ರಿಲ್ ಸೆಕೆಯಲ್ಲೂ ತುಂಬು ತೋಳಿನ ಅಂಗಿ ಯಾಕೆ ಹಾಕುತ್ತಾರೆ ಅತ್ತೆ? ಹೆಚ್ಚಿನ ಮಕ್ಕಳು ಮುಚ್ಚಿಡುತ್ತಾರೆ. ಸಂಕಟ ತಡೆಯಲಾರದೆ ಮಾಡಿಕೊಳ್ಳುವುದು.

ದೊಡ್ಡಪ್ಪ: ಹಾಗಾದರೆ ನಮ್ಮ ಮನೆ ಹುಡುಗ ಆಸ್ಪತ್ರೆಯಿಂದ ಬಂದಿರುವಾಗ ಕಣ್ಣು ಮುಚ್ಚಿ ಕೂರಬೇಕಾ? ಹಜಾರದಲ್ಲೇ ತೋಟಕ್ಕೆ ಹೊಡೆಯುವ ಔಷಧಿ ಇದೆ ಕಣಮ್ಮ.

ಅಕ್ಕ: ಮೊದಲು ಅದನ್ನು ಎತ್ತಿಸಿ! ಗೋಡೌನಿಗೆ ಹಾಕಿ ಬೀಗ ಜಡಿಯಿರಿ, ಕೀ ನಿಮ್ಮ ಜೇಬಲ್ಲಿರಲಿ. ಅಜ್ಜಿಯ ಮಾತ್ರೆ ಡಬ್ಬಿಯೂ ಬೀರುವಿನೊಳಗೆ. ನಿಮ್ಮ ಫಾರ್ವರ್ಡಿನಲ್ಲಿ ಅದೊಂದೇ ಇಲ್ಲ. ಮನೆಗೆ ಬಂದ ಮೊದಲ ಕೆಲವು ವಾರ ಅಪಾಯ ಜಾಸ್ತಿ, ಜೊತೆಗಿರಬೇಕು, ಒಪ್ಪಿದೆ. ಆದರೆ ದಿನಾ ತೋಳು ಎತ್ತಿಸಿ ನೋಡಿದರೆ ಅವನು ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು ಕಲಿಯುತ್ತಾನೆ, ಅಷ್ಟೆ. ಕಣದಲ್ಲಿ ಕಾಫಿ ಹರಡುವಾಗ ಕರೆದುಕೊಳ್ಳಿ, ಮಾತಾಡಿದರೆ ಮಾತಾಡಲಿ, ಇಲ್ಲದಿದ್ದರೆ ಸುಮ್ನೆ ಇರಲಿ.

ಭಾವ, ಬೇಲೂರು: ಆ ವಿಷಯ ಮಾತ್ರ ಎತ್ತಬೇಡಿ. ಮತ್ತೆ ನೆನಪಾಗುತ್ತದೆ. ಪೊಲೀಸ್ ಕೇಸ್ ಬೇರೆ ಆದರೆ?

ಅಕ್ಕ: ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ ಭಾವ. "ಇವತ್ತು ಹಾಗನ್ನಿಸಿತಾ?" ಅಂತ ನೇರವಾಗಿ ಕೇಳಬಹುದು, ಹೌದು ಅಂದರೆ ಬೈಯಬಾರದು. ಕೇಸಿನ ಮಾತು ಬಿಡಿ. ಸಾಯಲು ಹೊರಟವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಚಿಕ್ಕಮ್ಮ, ಮೂಡಿಗೆರೆ: ನಾನೂ ಈ ಗುಂಪಲ್ಲಿದ್ದೀನಿ. ಎಲ್ಲ ಓದಿದೆ. ಅವನು ಸ್ಕೂಲಿಗೆ ಹೋಗುತ್ತೀನಿ ಅನ್ನುತ್ತಿದ್ದಾನೆ, ನನಗೇ ಭಯ.

ಅಕ್ಕ: ಡಾಕ್ಟರನ್ನು ಕೇಳಿ, ಮೊದಲು ಅರ್ಧ ದಿನ ಕಳಿಸಿ ಚಿಕ್ಕಮ್ಮ. ಅವನಿಗೆ ಇಷ್ಟವಾದ ಒಬ್ಬ ಟೀಚರಿಗೆ ಮಾತ್ರ ತಿಳಿಸಿ, ಅದೂ ಅವನನ್ನು ಕೇಳಿ. ಹುಡುಗರು ಕೇಳಿದರೆ "ಹುಷಾರಿರಲಿಲ್ಲ" ಅಂದರೆ ಸಾಕು. ಮುಂದಿನ ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ. ನಗುತ್ತಿದ್ದಾನೆ ಅಂತ ಮಾತ್ರೆ ನಿಲ್ಲಿಸಬೇಡಿ.

ಚಿಕ್ಕಮ್ಮ: ರಾತ್ರಿ ಏನಾದರೂ ಆದರೆ?

ಅಕ್ಕ: ಟೆಲಿ ಮಾನಸ್ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ ಕಾಯಬೇಡಿ, 108. ನನಗೂ ಮಾಡಿ.

ಅತ್ತೆ: ಏನೇ ಹೇಳಿ, ಮೊಬೈಲ್ ಕೊಡಬಾರದು.

ಚಿಕ್ಕಮ್ಮ: ಅವನ ಫ್ರೆಂಡ್ ದಿನಾ ಮಾತಾಡಿಸುವುದು ಅದರಲ್ಲೇ ಅತ್ತಿಗೆ. ರಾತ್ರಿ ಹತ್ತಕ್ಕೆ ನನ್ನ ಕೈಗೆ ಕೊಡುತ್ತೀನಿ ಅಂತ ಅವನೇ ಒಪ್ಪಿದ್ದಾನೆ.

ದೊಡ್ಡಪ್ಪ: ಗೋಡೌನಿನ ಬೀಗ ತುಕ್ಕು ಹಿಡಿದಿದೆ. ಪೇಟೆಗೆ ಹೊರಟೆ, ಇನ್ನೇನಾದರೂ ತರಬೇಕಾ?